ವ್ಯಾಲೆನ್ಸಿಯಾಗೆ ಹೋಗ್ತಿದ್ದೀರಾ? ಊರೂ ಸಮುದ್ರನೂ ಎರಡೂ ಸಮಾಧಾನವಾಗಿ ನೋಡೋದು ಹೇಗೆ, ಹಂತ ಹಂತವಾಗಿ

ನಮ್ ಕಡೆಯಿಂದ ಯೂರೋಪಿಗೆ ಹೋಗೋರು ಸಾಮಾನ್ಯವಾಗಿ ಹತ್ತು ದಿನಕ್ಕೆ ಐದು ದೇಶ ಅಂತ ಓಡ್ತಾರೆ, ವಾಪಸ್ ಬಂದಾಗ ಕಾಲು ನೋವು ಮಾತ್ರ ನೆನಪಿರತ್ತೆ. ನಾವು 2025ರ ಜೂನ್‌ನಲ್ಲಿ ಬೇರೆ ಥರ ಮಾಡಿದ್ವಿ. ಸ್ಪೇನ್‌ನ ಪೂರ್ವ ಕರಾವಳಿಯ ವ್ಯಾಲೆನ್ಸಿಯಾ ಅನ್ನೋ ಒಂದೇ ಊರಲ್ಲಿ ಎಂಟು ದಿನ ಇದ್ವಿ, ನಾನು, ನಮ್ಮನೆಯವರು, ಏಳು ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಅತ್ತೆ ಮಂಡ್ಯ ಕಡೆಯೋರು, ಗದ್ದೆ ಕೆಲಸ ಗೊತ್ತಿರೋರು, ಮೊಟ್ಟೆ ಕೂಡ ಮುಟ್ಟಲ್ಲ. ಇಂಥ ನಾಲ್ಕು ಜನಕ್ಕೂ ಖುಷಿ ಕೊಟ್ಟ ಊರು ಅಂದ್ರೆ ಬೇರೆಯವರಿಗೂ ಹೇಳ್ಬೇಕು ಅನ್ನಿಸ್ತು, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಈ ಊರಲ್ಲಿ ಏನ್ ನೋಡ್ಬೇಕು ಅನ್ನೋದಕ್ಕಿಂತ ಯಾವ ಹೊತ್ತಲ್ಲಿ ನೋಡ್ಬೇಕು ಅನ್ನೋದೇ ಮುಖ್ಯ. ಬಿಸಿಲಿನ ಲೆಕ್ಕ, ಊಟದ ಲೆಕ್ಕ ಇವೆರಡು ಹಿಡಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಕೂತ್ಕೊಳ್ಳತ್ತೆ. ಮೊದಲ ಎರಡು ದಿನ ನಮಗೆ ಇದು ಗೊತ್ತಿರಲಿಲ್ಲ, ನಾಲ್ಕು ಗಂಟೆಗೆ ಹಸಿದು ಹೋಟೆಲ್ ಹುಡುಕಿದ್ರೆ ಅಡುಗೆಮನೆ ಬಂದ್, ಮಟಮಟ ಮಧ್ಯಾಹ್ನ ಬೀಚಿಗೆ ಹೋದ್ರೆ ಮರಳು ಕೆಂಡ. ನಿಮಗೆ ಹಾಗಾಗದೇ ಇರಲಿ.

ಹಂತ 1: ತಿಂಗಳು ಆರಿಸ್ಕೊಳ್ಳಿ

ಸಮುದ್ರಕ್ಕೆ ಇಳೀಬೇಕು, ಊರೂ ತಿರುಗ್ಬೇಕು ಅಂದ್ರೆ ಜೂನ್ ಅಥವಾ ಸೆಪ್ಟೆಂಬರ್. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿರತ್ತೆ ಆದ್ರೆ ನೀರು ಇನ್ನೂ 18-19 ಡಿಗ್ರಿ, ಗೋಕರ್ಣ ಮಲ್ಪೆ ನೀರಿಗೆ ಒಗ್ಗಿದ ಮೈಗೆ ಅದು ತಣ್ಣಗೆ ಕೊರೆಯತ್ತೆ. ಆಗಸ್ಟ್‌ನಲ್ಲಿ ನೀರು 26ರ ಹತ್ರ ಬರತ್ತೆ, ಬೆಚ್ಚಗೆ ಹಿತವಾಗಿರತ್ತೆ, ಆದ್ರೆ ಊರಿಗೆ ಊರೇ ಬೆವರ್ತಿರತ್ತೆ, ಜನ ಜಾಸ್ತಿ, ಸಣ್ಣ ಅಂಗಡಿ ಹೋಟೆಲ್‌ನವರು ಎಷ್ಟೋ ಜನ ತಾವೇ ರಜೆ ಮೇಲೆ ಹೋಗಿರ್ತಾರೆ. ಸಮುದ್ರ ಬೇಡ, ಹಬ್ಬ ಬೇಕು ಅನ್ನೋರು ಮಾರ್ಚ್‌ನಲ್ಲಿ ಫಾಯಸ್ ಹಬ್ಬಕ್ಕೆ ಹೋಗಿ, ಬೀದಿ ಬೀದಿಯಲ್ಲಿ ನಿಲ್ಲಿಸಿದ ದೊಡ್ಡ ದೊಡ್ಡ ಗೊಂಬೆಗಳನ್ನ ಮಾರ್ಚ್ 19ರ ರಾತ್ರಿ ಸುಟ್ಟುಹಾಕ್ತಾರೆ, 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದ್ರೆ ದಿನಾ ಪಟಾಕಿ ಸದ್ದು ಕಿವಿ ಒಡೆಯೋ ಹಾಗಿರತ್ತೆ, ಸಣ್ಣ ಮಗು ಇದ್ರೆ ಯೋಚಿಸಿ.

ಹಂತ 2: ವೀಸಾ, ಟಿಕೆಟ್

ಯೂರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿ ನಡೆಯೋ ಷೆಂಗೆನ್ ವೀಸಾ ಬೇಕು. ಹೆಚ್ಚು ದಿನ ಯಾವ ದೇಶದಲ್ಲಿ ಇರ್ತೀರೋ ಆ ದೇಶಕ್ಕೇ ಅರ್ಜಿ ಹಾಕ್ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿಂದ ಹಾಕಬಹುದು, ಕಡೇಪಕ್ಷ 15 ದಿನ ಮೊದಲಾದ್ರೂ ಹಾಕಿರ್ಬೇಕು, ಆದ್ರೆ ಬೇಸಿಗೆಗೆ ಹೋಗೋರು 15 ದಿನ ನಂಬ್ಕೊಂಡು ಕೂರಬೇಡಿ, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ನಾವು ಫೆಬ್ರವರಿಯಲ್ಲೇ ಶುರು ಮಾಡಿದ್ವಿ. 2024ರ ಜೂನ್‌ನಿಂದ ದೊಡ್ಡವರಿಗೆ ಫೀಸು 90 ಯೂರೋ, 6ರಿಂದ 12ರೊಳಗಿನ ಮಕ್ಕಳಿಗೆ 45, ಸರ್ವೀಸ್ ಚಾರ್ಜ್ ಬೇರೆ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರ್ಬೇಕು. ವಯಸ್ಸಾದವರಿಗೆ ಇನ್ಶೂರೆನ್ಸ್ ಮಾಡಿಸುವಾಗ ಈಗಾಗಲೇ ಇರೋ ಬಿಪಿ ಶುಗರ್‌ಗೆ ಏನು ಕವರ್ ಆಗತ್ತೆ ಅಂತ ಸಾಲು ಸಾಲು ಓದಿ. ಇನ್ನೊಂದು, 2025ರ ಅಕ್ಟೋಬರ್ 12ರಿಂದ ಯೂರೋಪಿನ ಗಡಿಯಲ್ಲಿ ಬೆರಳಚ್ಚು, ಫೋಟೋ ತಗೊಳ್ಳೋ ಹೊಸ ವ್ಯವಸ್ಥೆ ಶುರುವಾಗಿದೆ, ಹಾಗಾಗಿ ಮಧ್ಯೆ ಫ್ಲೈಟ್ ಬದಲಾಯಿಸೋ ಊರಲ್ಲಿ ಒಂದೂವರೆ ಗಂಟೆ ಗ್ಯಾಪ್ ಸಾಲಲ್ಲ, ಮೂರು ಗಂಟೆ ಇಟ್ಕೊಳ್ಳಿ.

ಬೆಂಗಳೂರಿಂದ ನೇರ ಫ್ಲೈಟ್ ಇಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಥರದ ಊರಲ್ಲಿ ಬದಲಾಯಿಸಿ ವ್ಯಾಲೆನ್ಸಿಯಾಗೇ ಇಳೀಬಹುದು, ಇಲ್ಲಾಂದ್ರೆ ದುಬೈ ದೋಹಾ ಮೇಲೆ ಮ್ಯಾಡ್ರಿಡ್‌ಗೆ ಹೋಗಿ ಅಲ್ಲಿಂದ ಫಾಸ್ಟ್ ಟ್ರೈನ್, ಎರಡು ಗಂಟೆಯೊಳಗೆ ತಲುಪಿಸತ್ತೆ. ಟ್ರೈನ್ ಟಿಕೆಟ್ ಮುಂಚೆ ತಗೊಂಡಷ್ಟೂ ಕಮ್ಮಿ.

ಹಂತ 3: ಎಲ್ಲಿ ಉಳ್ಕೊಳ್ಳೋದು

ಎಲ್ರೂ ಮಾಡೋ ತಪ್ಪು ಇಲ್ಲೇ. ಬೀಚ್ ಟ್ರಿಪ್ ಅಂತ ಸಮುದ್ರದ ಪಕ್ಕ ರೂಮ್ ಮಾಡ್ತಾರೆ, ಆಮೇಲೆ ಹಳೇ ಊರಿಗೆ ದಿನಾ ಹೋಗಿ ಬರೋದೇ ಆಗತ್ತೆ, ಅಥವಾ ಹಳೇ ಊರಿನ ಒಳಗೇ ಮಾಡಿ ರಾತ್ರಿ ಮೂರು ಗಂಟೆ ತನಕ ಬೀದಿ ಗಲಾಟೆ ಕೇಳ್ತಾರೆ. ಮಧ್ಯದಲ್ಲಿ ಹುಡುಕಿ. ನಾವು ಅರಾಗೋ ಅನ್ನೋ ಮೆಟ್ರೋ ಸ್ಟೇಷನ್ ಹತ್ರ ಸಣ್ಣ ಅಡುಗೆಮನೆ ಇರೋ ಫ್ಲಾಟ್ ತಗೊಂಡ್ವಿ, ಏರ್‌ಪೋರ್ಟಿಂದ 5ನೇ ಲೈನ್ ನೇರ ಬರತ್ತೆ, ಅದೇ ಲೈನು ಸಮುದ್ರದ ದಿಕ್ಕಿಗೂ ಹೋಗತ್ತೆ, ಊರ ಮಧ್ಯದ ತುರಿಯಾ ಪಾರ್ಕಿಗೆ ನಡ್ಕೊಂಡೇ ಹೋಗಬಹುದು. ಬುಕ್ ಮಾಡೋ ಮುಂಚೆ ಏಸಿ, ಲಿಫ್ಟ್ ಎರಡೂ ಇದೆಯಾ ನೋಡಿ, ಹಳೇ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಮೆಟ್ಟಿಲೇ ಇರತ್ತೆ. ಮನೆ ಬಾಡಿಗೆ ಆದ್ರೆ ಟೂರಿಸ್ಟ್ ರಿಜಿಸ್ಟ್ರೇಷನ್ ನಂಬರ್ ಇರೋದನ್ನೇ ತಗೊಳ್ಳಿ. ಮನೆಯವರು ಪಾಸ್‌ಪೋರ್ಟ್ ವಿವರ ಕೇಳಿದ್ರೆ ಗಾಬರಿ ಬೇಡ, ಅಲ್ಲಿನ ಕಾನೂನೇ ಹಾಗಿದೆ.

ನಮ್ಮ ಎರಡು ಸಣ್ಣ ಪಿನ್ನಿನ ಚಾರ್ಜರ್ ಅಲ್ಲಿ ನೇರ ಕೂರತ್ತೆ, ಮೂರು ದಪ್ಪ ಪಿನ್ನಿಂದು ಕೂರಲ್ಲ. ಕುಕ್ಕರ್ ಒಯ್ಯೋರು ಅಡಾಪ್ಟರ್ ಮರೀಬೇಡಿ.

ಹಂತ 4: ಓಡಾಟ

ಏರ್‌ಪೋರ್ಟಿಂದ ಮೆಟ್ರೋ 3 ಮತ್ತು 5, ಸೆಂಟರ್‌ಗೆ ಅರ್ಧ ಗಂಟೆಯೊಳಗೆ. ಏರ್‌ಪೋರ್ಟ್ ಟಿಕೆಟ್ ಮಾತ್ರ ಊರೊಳಗಿನ ಟಿಕೆಟ್‌ಗಿಂತ ಜಾಸ್ತಿ. ಟೂರಿಸ್ಟ್ ಕಾರ್ಡ್ ಅಂತ 24, 48, 72 ಗಂಟೆದು ಸಿಗತ್ತೆ, ಅದ್ರಲ್ಲಿ ಮೆಟ್ರೋ ಬಸ್ಸು ಏರ್‌ಪೋರ್ಟ್ ಎಲ್ಲ ಸೇರಿದೆ, ಮೂರು ದಿನಕ್ಕೆ ಬರೋರಿಗೆ ಅನುಕೂಲ. ಎಂಟು ದಿನ ಇರೋರು ಹತ್ತು ಸಲ ಓಡಾಡೋ ಸುಮಾ ಕಾರ್ಡ್ ತಗೊಳ್ಳಿ. ಮೆಟ್ರೋದಿಂದ ಹೊರಗೆ ಬರುವಾಗಲೂ ಕಾರ್ಡ್ ಬೇಕಾಗತ್ತೆ, ಬಿಸಾಕಬೇಡಿ. ಕಾರ್ಡ್ ಮೆಷಿನ್ ಆಗ್ಲಿ ಏಟಿಎಂ ಆಗ್ಲಿ ರೂಪಾಯಲ್ಲಿ ಕಟ್ಟಬೇಕಾ ಯೂರೋದಲ್ಲಾ ಅಂತ ಕೇಳಿದ್ರೆ ಕಣ್ಮುಚ್ಕೊಂಡು ಯೂರೋ ಒತ್ತಿ, ರೂಪಾಯಿ ಒತ್ತಿದ್ರೆ ಅವರ ರೇಟಲ್ಲಿ ಕಟ್ ಆಗತ್ತೆ.

ಹಂತ 5: ಊರಿನ ಗಡಿಯಾರಕ್ಕೆ ಹೊಂದ್ಕೊಳ್ಳಿ

ಇದನ್ನ ಎರಡು ಸಲ ಓದಿ. ಬೆಳಿಗ್ಗೆ ಕಾಫಿ ಜೊತೆ ಒಂದಿಷ್ಟು. ಹತ್ತು ಹತ್ತೂವರೆಗೆ ಎಸ್ಮೊರ್ಸಾರೆತ್ ಅಂತ, ಇದು ಇಲ್ಲಿಯವರ ಪ್ರಾಣ, ಉದ್ದದ ಬನ್ನಿನ ಸ್ಯಾಂಡ್‌ವಿಚ್, ಜೊತೆಗೆ ಶೇಂಗಾ, ಆಲಿವ್, ನಮ್ಮ ಗದ್ದೆ ಕೆಲಸದವರ ಹತ್ತು ಗಂಟೆ ಹೊತ್ತಿನ ಊಟ ಇದೆಯಲ್ಲ, ಹುಟ್ಟಿದ್ದು ಅದೇ ಥರ, ತೋಟದಲ್ಲಿ ದುಡಿಯೋರಿಗೆ ಅಂತ. ಮಧ್ಯಾಹ್ನದ ಊಟ ಎರಡರಿಂದ ಮೂರೂವರೆ. ನಾಲ್ಕರಿಂದ ಎಂಟರ ತನಕ ಒಳ್ಳೇ ಹೋಟೆಲ್‌ಗಳ ಅಡುಗೆಮನೆ ಹೆಚ್ಚುಕಮ್ಮಿ ಬಂದ್. ರಾತ್ರಿ ಊಟ ಒಂಬತ್ತರ ಮೇಲೆ. ಜೂನ್ ಕೊನೇಲಿ ಸೂರ್ಯ ಮುಳುಗೋದೇ ಒಂಬತ್ತೂವರೆಗೆ, ಹಾಗಾಗಿ ಅದು ಅಷ್ಟು ತಡ ಅನ್ಸಲ್ಲ.

ಅದಕ್ಕೆ ನಮ್ಮ ದಿನ ಹೀಗಿತ್ತು: ಎಂಟಕ್ಕೆ ಮನೆ ಬಿಡೋದು, ಒಂದೂವರೆ ತನಕ ಊರು ನೋಡೋದು, ಎರಡಕ್ಕೆ ಊಟ, ಮೂರೂವರೆಯಿಂದ ಐದೂವರೆ ಪರದೆ ಎಳೆದು ನಿದ್ದೆ, ಆರಕ್ಕೆ ಸಮುದ್ರ. ಐದೂವರೆ ತನಕ ಮಲಗಿದ್ರೆ ದಿನ ಹಾಳು ಅನ್ನೋರು ಇದ್ದಾರೆ, ಇಲ್ಲ, ಸಂಜೆ ಇನ್ನೂ ನಾಲ್ಕು ಗಂಟೆ ಬೆಳಕು ಬಾಕಿ ಇರತ್ತೆ. ಭಾನುವಾರ ಬಹಳ ಅಂಗಡಿ ಮುಚ್ಚಿರತ್ತೆ, ಹಾಲು ತರಕಾರಿ ಶನಿವಾರವೇ ತಂದಿಟ್ಕೊಳ್ಳಿ.

ಹಂತ 6: ಹಳೇ ಊರು, ಎರಡು ಬೆಳಗಿನ ಕೆಲಸ

ಮೊದಲು ಮೆರ್ಕಾದೊ ಸೆಂಟ್ರಾಲ್, ಅಂದ್ರೆ ದೊಡ್ಡ ಮಾರ್ಕೆಟ್. 1928ರಲ್ಲಿ ಶುರುವಾದದ್ದು, ಕಬ್ಬಿಣ, ಗಾಜು, ಬಣ್ಣದ ಟೈಲ್ಸಿನ ಗುಮ್ಮಟ, ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ, ಭಾನುವಾರ ಇಲ್ಲ. ಎಂಟೂವರೆಗೆ ಹೋಗಿ, ಟೊಮಾಟೊ, ಅಂಜೂರ, ಬಾದಾಮಿ, ಕೇಸರಿ ನೋಡ್ತಾ ಒಂದು ಗಂಟೆ ಕಳೆಯತ್ತೆ. ಹಣ್ಣನ್ನ ಕೈಯಿಂದ ಒತ್ತಿ ನೋಡಬೇಡಿ, ಅಂಗಡಿಯವರೇ ಆರಿಸಿ ಕೊಡ್ತಾರೆ, ನಮ್ಮತ್ತೆ ಮಾವಿನಹಣ್ಣು ಒತ್ತಿ ನೋಡೋ ಅಭ್ಯಾಸದಲ್ಲಿ ಪೀಚ್ ಹಣ್ಣಿಗೆ ಕೈ ಹಾಕಿದಾಗ ಆ ಅಜ್ಜಿ ನಯವಾಗೇ ತಡೆದ್ರು.

ಎದುರಿಗೇ ಲೋನ್ಹಾ ದೆ ಲಾ ಸೇದಾ, ರೇಷ್ಮೆ ವ್ಯಾಪಾರದ ಮನೆ. 1482ರಲ್ಲಿ ಕಟ್ಟೋಕೆ ಶುರು ಮಾಡಿದ್ದು, 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಮೇಲೆ ಹೋಗೋ ಕಂಬಗಳು, ಮೇಲೆ ತಾಳೆ ಗರಿ ಹರಡಿದ ಹಾಗೆ ಚಾವಣಿ. ರಾಮನಗರದ ಗೂಡಿನ ಮಾರ್ಕೆಟ್ ನೋಡಿದವರಿಗೆ ಇದು ಬೇರೆ ಥರಾನೇ ಅರ್ಥ ಆಗತ್ತೆ, ಹರಾಜಿನ ಜಾಗ ಅಂದ್ರೆ ಮಾತಿನ ಮೇಲೆ ನಡೆಯೋ ಜಾಗ. ಗೋಡೆ ಮೇಲ್ಗಡೆ ಸುತ್ತಲೂ ಚಿನ್ನದ ಬಣ್ಣದ ಲ್ಯಾಟಿನ್ ಅಕ್ಷರದ ಪಟ್ಟಿ ಇದೆ, ಅದನ್ನ ತಪ್ಪದೇ ನೋಡಿ, ನಾಲಿಗೆಯಲ್ಲಿ ಮೋಸ ಇಲ್ಲದ, ಕೊಟ್ಟ ಮಾತು ತಪ್ಪದ, ಬಡ್ಡಿಗೆ ದುಡ್ಡು ಬಿಡದ ವ್ಯಾಪಾರಿಗೆ ಐಶ್ವರ್ಯನೂ ಸಿಗತ್ತೆ ಮೋಕ್ಷನೂ ಸಿಗತ್ತೆ ಅನ್ನೋ ಅರ್ಥದ್ದು. ಭಾನುವಾರ ಬೆಳಿಗ್ಗೆ ಪ್ರವೇಶ ಉಚಿತ, ಬೇರೆ ದಿನನೂ ಟಿಕೆಟ್ ತೀರಾ ಕಮ್ಮಿ.

ಆಮೇಲೆ ಕ್ಯಾಥೆಡ್ರಲ್, ಅಂದ್ರೆ ಊರಿನ ಮುಖ್ಯ ಚರ್ಚ್. ಏಸು ಕೊನೆಯ ಊಟದಲ್ಲಿ ಬಳಸಿದ್ದು ಅಂತ ಭಕ್ತರು ನಂಬೋ ಬಟ್ಟಲು ಇಲ್ಲಿದೆ, ಜನ ಕೂತು ಪ್ರಾರ್ಥನೆ ಮಾಡ್ತಿರ್ತಾರೆ, ಭುಜ ಮುಚ್ಚೋ ಬಟ್ಟೆ ಹಾಕ್ಕೊಂಡು ಹೋಗಿ, ಮೆಲ್ಲಗೆ ಮಾತಾಡಿ. ಪಕ್ಕದ ಮಿಕಲೆತ್ ಗೋಪುರ ಹತ್ತೋಕೆ 207 ಮೆಟ್ಟಿಲು, ಸುರುಳಿ ಮೆಟ್ಟಿಲು, ಇಕ್ಕಟ್ಟು, ಮಂಡಿನೋವಿರೋರು ಬೇಡ. ಮೇಲಿಂದ ಒಂದು ಕಡೆ ಊರಿನ ಗುಮ್ಮಟಗಳು, ಇನ್ನೊಂದು ಕಡೆ ದೂರದಲ್ಲಿ ನೀಲಿ ಗೆರೆ ಥರ ಸಮುದ್ರ. ಎರಡನೇ ಬೆಳಿಗ್ಗೆಗೆ ಹಳೇ ಕೋಟೆಯ 14ನೇ ಶತಮಾನದ ಸೆರಾನೋಸ್ ಬಾಗಿಲು, ಆಮೇಲೆ ಕ್ವಾರ್ಟ್ ಬಾಗಿಲು, ಅದರ ಗೋಡೆ ಮೇಲೆ 1808ರಲ್ಲಿ ನೆಪೋಲಿಯನ್ ಸೈನ್ಯ ಹಾರಿಸಿದ ಗುಂಡಿನ ಗುಳಿಗಳು ಈಗಲೂ ಇವೆ. ಕತ್ತೆತ್ತಿ ನೋಡೋ ಚಿತ್ರ ಇಷ್ಟ ಅನ್ನೋರು ಸಾನ್ ನಿಕೊಲಾಸ್ ಚರ್ಚ್‌ಗೂ ಹೋಗಿ.

ಹಂತ 7: ಗುರುವಾರ ಹನ್ನೆರಡು ಗಂಟೆ ಖಾಲಿ ಇಟ್ಕೊಳ್ಳಿ

ನನ್ ಮಟ್ಟಿಗೆ ಇಡೀ ಟ್ರಿಪ್ಪಿನ ಅತಿ ದೊಡ್ಡ ಅನುಭವ ಇದು, ದುಡ್ಡೂ ಇಲ್ಲ ಟಿಕೆಟ್ಟೂ ಇಲ್ಲ. ಕ್ಯಾಥೆಡ್ರಲ್‌ನ ಅಪೋಸ್ತಲರ ಬಾಗಿಲ ಮುಂದೆ ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ನೀರಿನ ಕೋರ್ಟ್ ಸೇರತ್ತೆ. ಊರಿನ ಸುತ್ತ ಗದ್ದೆ ತೋಟಗಳಿಗೆ ನೀರು ಹರಿಸೋ ಎಂಟು ಕಾಲುವೆಗಳಿಗೆ ರೈತರೇ ಆರಿಸಿದ ಎಂಟು ಜನ ಕಪ್ಪು ಅಂಗಿ ಹಾಕ್ಕೊಂಡು ಅರ್ಧ ವೃತ್ತದಲ್ಲಿ ಮರದ ಕುರ್ಚಿ ಮೇಲೆ ಕೂರ್ತಾರೆ. ಒಬ್ಬರು ಒಂದೊಂದೇ ಕಾಲುವೆ ಹೆಸರು ಕೂಗಿ, ಈ ಕಾಲುವೆಯಿಂದ ದೂರು ಇದೆಯಾ ಅಂತ ವ್ಯಾಲೆನ್ಸಿಯನ್ ಭಾಷೇಲಿ ಕೇಳ್ತಾರೆ. ದೂರು ಇದ್ರೆ ಅಲ್ಲೇ ವಾದ, ಅಲ್ಲೇ ತೀರ್ಪು, ಲಾಯರ್ ಇಲ್ಲ, ಎಲ್ಲ ಬಾಯಿಮಾತಲ್ಲೇ. ಹೆಚ್ಚಿನ ವಾರ ದೂರೇ ಇರಲ್ಲ, ಐದು ನಿಮಿಷದಲ್ಲಿ ಎದ್ದು ಹೋಗ್ತಾರೆ, ನಾವು ಹೋದಾಗಲೂ ಅಷ್ಟೇ. ನೂರಾರು ವರ್ಷದಿಂದ ನಡ್ಕೊಂಡು ಬಂದಿರೋ ಈ ಪದ್ಧತಿ 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಅತ್ತೆಗೆ ನಾನು ವಿವರಿಸ್ತಿದ್ದೆ, ಅರ್ಧಕ್ಕೇ ತಡೆದು "ನಮ್ಮೂರ ನೀರಗಂಟಿಗಳು ಕೂತಂಗೆ ಕೂತವ್ರಲ್ಲವ್ವ" ಅಂದ್ರು. ಆಮೇಲೆ ಆ ಎಂಟು ಜನರ ಮುಖವನ್ನೇ ನೋಡ್ತಾ ನಿಂತಿದ್ರು. ಮಂಡ್ಯದಲ್ಲಿ ನಾಲೆ ನೀರಿಗಾಗಿ ರಾತ್ರಿಯೆಲ್ಲ ಕಾದಿರೋ ಮನೆಯವರು ಅವರು, ಆ ಐದು ನಿಮಿಷದ ತೂಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಹನ್ನೊಂದೂವರೆಗೇ ಹೋಗಿ ಮುಂದೆ ಜಾಗ ಹಿಡೀರಿ, ತಡವಾದ್ರೆ ಜನರ ಬೆನ್ನು ಮಾತ್ರ ಕಾಣತ್ತೆ.

ಹಂತ 8: ನದಿ ಇಲ್ಲದ ನದಿಪಾತ್ರ

ಊರ ಮಧ್ಯೆ ತುರಿಯಾ ನದಿ ಹರೀತಿತ್ತು. 1957ರ ಅಕ್ಟೋಬರ್ 14ರ ಪ್ರವಾಹದಲ್ಲಿ 80ಕ್ಕೂ ಹೆಚ್ಚು ಜನ ಸತ್ರು, ಆಮೇಲೆ ಸರ್ಕಾರ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸ್ತು. ಒಣಗಿದ ಪಾತ್ರದಲ್ಲಿ ದೊಡ್ಡ ಹೈವೇ ಮಾಡೋ ಪ್ಲಾನ್ ಇತ್ತು, ಜನ ಒಪ್ಪಲಿಲ್ಲ, ಈ ಪಾತ್ರ ನಮ್ದು, ನಮಗೆ ಇದು ಹಸಿರಾಗೇ ಬೇಕು ಅಂತ ಹೋರಾಡಿ ಉಳಿಸ್ಕೊಂಡ್ರು. ಈಗ ಅದು ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ಪಾರ್ಕ್, ಮೇಲೆ ಹಳೇ ಕಲ್ಲಿನ ಸೇತುವೆಗಳು ಹಾಗೇ ಇವೆ, ಕೆಳಗೆ ಕಿತ್ತಳೆ ಮರ, ಸೈಕಲ್ ದಾರಿ, ಮಕ್ಕಳು. ರಾಜಕಾಲುವೆ ಮುಚ್ಚಿ ಮನೆ ಕಟ್ಟಿರೋ ಬೆಂಗಳೂರಿಂದ ಬಂದ ನನಗೆ ಆ ಸೇತುವೆ ಕೆಳಗೆ ನಡೀವಾಗ ಹೊಟ್ಟೆಯೊಳಗೆ ಏನೋ ಸಂಕಟ ಆಯ್ತು.

ಇದಕ್ಕೆ ಇನ್ನೊಂದು ಮುಖನೂ ಇದೆ, ಅದನ್ನ ಹೇಳದೇ ಇರೋದು ಸರಿಯಲ್ಲ. 2024ರ ಅಕ್ಟೋಬರ್ 29ರ ಮಹಾಮಳೆಯಲ್ಲಿ ತಿರುಗಿಸಿದ ನದಿ ಹಳೇ ಊರನ್ನ ಕಾಪಾಡ್ತು, ಆದ್ರೆ ಅದರಾಚೆ ಇರೋ ಪೈಪೋರ್ತಾ, ಕತರ್ರೋಹಾ ಥರದ ಊರುಗಳು ಮುಳುಗಿದ್ವು, ವ್ಯಾಲೆನ್ಸಿಯಾ ಪ್ರಾಂತ್ಯದಲ್ಲಿ 220ಕ್ಕೂ ಹೆಚ್ಚು ಜನ ಹೋದ್ರು. ಸ್ಥಳೀಯರ ಜೊತೆ ಮಾತಾಡುವಾಗ ಇದು ನೆನಪಿರಲಿ, ಆ ಊರುಗಳಿಗೆ ಹಾಳು ನೋಡೋಕೆ ಅಂತ ಹೋಗಿ ಫೋಟೋ ತೆಗೀಬೇಡಿ.

ಹೇಗೆ ಮಾಡೋದು: ಸೈಕಲ್ ಬಾಡಿಗೆಗೆ ತಗೊಂಡು ಪಶ್ಚಿಮದ ತುದಿಯಿಂದ ಸಮುದ್ರದ ದಿಕ್ಕಿಗೆ ಬನ್ನಿ, ಸ್ವಲ್ಪ ಇಳಿಜಾರು, ಸುಸ್ತಾಗಲ್ಲ. ಮಕ್ಕಳಿದ್ರೆ ಗಲಿವರ್ ಪಾರ್ಕಲ್ಲಿ ಒಂದು ಗಂಟೆ ನಿಲ್ಲಲೇಬೇಕು, ನೆಲದ ಮೇಲೆ ಮಲಗಿರೋ ದೈತ್ಯ ಗಲಿವರ್, ಅವನ ಕೈ ಕಾಲು ಬಟ್ಟೆಯ ಮಡಿಕೆ ಎಲ್ಲವೂ ಜಾರುಬಂಡೆ, ಉಚಿತ. ಬಿಸಿಲಲ್ಲಿ ಜಾರುಬಂಡೆ ಕಾದಿರತ್ತೆ, ಬೆಳಿಗ್ಗೆ ಅಥವಾ ಸಂಜೆ ಹೋಗಿ.

ಇದೇ ಪಾರ್ಕಿನ ಕೊನೇಲಿ ಸಿಟಿ ಆಫ್ ಆರ್ಟ್ಸ್ ಆಂಡ್ ಸೈನ್ಸಸ್. ಸಾಂತಿಯಾಗೊ ಕಲಾತ್ರಾವಾ ಇದೇ ಊರಲ್ಲಿ ಹುಟ್ಟಿದ ವಾಸ್ತುಶಿಲ್ಪಿ, ಅವರೂ ಫೆಲಿಕ್ಸ್ ಕಾಂದೇಲಾ ಅವರೂ ಸೇರಿ ಮಾಡಿದ ಕಟ್ಟಡಗಳು, ಒಂದು ಕಣ್ಣಿನ ಥರ, ಒಂದು ತಿಮಿಂಗಿಲದ ಎಲುಬಿನ ಥರ. ಹೊರಗಡೆಯಿಂದ ನೋಡೋಕೆ ದುಡ್ಡಿಲ್ಲ. ರಾತ್ರಿ ಹತ್ತಕ್ಕೆ ದೀಪ ನೀರಲ್ಲಿ ಬಿದ್ದಿರುವಾಗ ಒಮ್ಮೆ ಹೋಗಿ. ದುಡ್ಡು ಕೊಟ್ಟು ಒಳಗೆ ಹೋಗೋದಾದ್ರೆ ಓಷಿಯಾನೊಗ್ರಾಫಿಕ್ ಅಕ್ವೇರಿಯಂ ಒಂದೇ ಸಾಕು, ಯೂರೋಪಿನಲ್ಲೇ ಅತಿ ದೊಡ್ಡದು, ಟಿಕೆಟ್ ದುಬಾರಿ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಿ, ನಾಲ್ಕು ಗಂಟೆ ಇಟ್ಕೊಳ್ಳಿ. ಬಿಸಿಲು ಜಾಸ್ತಿ ಇರೋ ದಿನಕ್ಕೆ ಇದನ್ನ ಉಳಿಸಿಟ್ಕೊಳ್ಳೋದು ಜಾಣತನ.

ಹಂತ 9: ಸಮುದ್ರ

ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ, ನಾವು ಬೀಚ್ ಅಂದ್ರೆ ಸೂರ್ಯಾಸ್ತ ಅಂತ ಬೆಳೆದವರು. ಇಲ್ಲಿ ಕರಾವಳಿ ಪೂರ್ವಕ್ಕೆ, ಸೂರ್ಯ ನೀರಿಂದ ಹುಟ್ತಾನೆ. ಒಂದು ದಿನ ಬೇಗ ಎದ್ದು ಆರೂವರೆಯೊಳಗೆ ಮಾಲ್ವಾರೋಸಾ ಬೀಚಿಗೆ ಹೋಗಿ, ಜೂನ್‌ನಲ್ಲಿ ಅದೇ ಹೊತ್ತಿಗೆ ಹುಟ್ಟೋದು, ಮರಳು ಬಾಚಿ ಸಮ ಮಾಡಿರ್ತಾರೆ, ಹೆಜ್ಜೆ ಗುರುತು ಕೂಡ ಇರಲ್ಲ.

ಯಾವ ಬೀಚು? ಬಂದರಿನಿಂದ ಉತ್ತರಕ್ಕೆ ಸಾಲಾಗಿ ಕಬಾನ್ಯಾಲ್, ಮಾಲ್ವಾರೋಸಾ, ಪಟಕೋನಾ. ಮೊದಲನೆಯದರಲ್ಲಿ ಜನ, ಹೋಟೆಲ್ ಜಾಸ್ತಿ, ಪಟಕೋನಾ ಕಡೆ ಹೋದ ಹಾಗೆ ಕಮ್ಮಿ, ಮನೆಮಂದಿಗೆ ನಾನು ಪಟಕೋನಾ ಹೇಳ್ತೀನಿ. ಸೆರಾನೋಸ್ ಬಾಗಿಲ ಹತ್ರ ಸೇತುವೆ ದಾಟಿದ್ರೆ ಪೋಂತ್ ದೆ ಫುಸ್ತಾ ಅನ್ನೋ ಸ್ಟಾಪಲ್ಲಿ 4ನೇ ನಂಬರ್ ಟ್ರಾಮ್ ಸಿಗತ್ತೆ, ಸಮುದ್ರದ ಹತ್ರ ಇಳಿಸತ್ತೆ. ಮರ, ಮರಳುದಿಬ್ಬ, ನಿಶ್ಶಬ್ದ ಬೇಕು ಅಂದ್ರೆ ಊರಿನ ದಕ್ಷಿಣಕ್ಕಿರೋ ಎಲ್ ಸಲೇರ್, ಬಸ್ಸಲ್ಲಿ ಹೋಗ್ಬೇಕು, ಪೈನ್ ಕಾಡು ದಾಟಿ ಬೀಚು ಬರತ್ತೆ, ಅಲ್ಲಿ ಅಂಗಡಿ ಹೆಚ್ಚಿಲ್ಲ, ನೀರು ತಿಂಡಿ ಒಯ್ಯಿರಿ.

ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನೋಷ್ಟು ಸಣ್ಣದು, ಅಲೆನೂ ಸಾಮಾನ್ಯ ದಿನ ಮೆತ್ತಗಿರತ್ತೆ. ಹಾಗಂತ ಹಗುರವಾಗಿ ತಗೋಬೇಡಿ. ಬಾವುಟ ನೋಡಿ: ಹಸಿರು ಇದ್ರೆ ಇಳೀಬಹುದು, ಹಳದಿ ಇದ್ರೆ ಜಾಗ್ರತೆ, ಮಕ್ಕಳು ಮಂಡಿ ನೀರಿನಾಚೆ ಬೇಡ, ಕೆಂಪು ಇದ್ರೆ ಇಳಿಯೋ ಹಾಗಿಲ್ಲ, ಇಳಿದ್ರೆ ದಂಡ ಬೀಳಬಹುದು. ಪೂರ್ವದ ಗಾಳಿ ಬೀಸೋ ದಿನ ನೀರು ಒಳಕ್ಕೆ ಎಳೆಯತ್ತೆ, ಸಿಕ್ಕಿಹಾಕ್ಕೊಂಡ್ರೆ ದಡಕ್ಕೆ ನೇರ ಈಜೋಕೆ ಹೋಗದೆ ದಡದ ಉದ್ದಕ್ಕೆ ಅಡ್ಡ ಈಜಿ ಹೊರಬರಬೇಕು. ಜೆಲ್ಲಿಫಿಶ್ ಇದ್ರೆ ಅದಕ್ಕೂ ಬೇರೆ ಬಾವುಟ ಹಾಕ್ತಾರೆ. ಕಚ್ಚಿದ್ರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಸಮುದ್ರದ ನೀರಲ್ಲೇ ತೊಳೆದು ಲೈಫ್‌ಗಾರ್ಡ್ ಹತ್ರ ಹೋಗಿ. ಏನೇ ಎಮರ್ಜೆನ್ಸಿ ಆದ್ರೂ ನಂಬರ್ 112.

ಬಟ್ಟೆ ವಿಷಯ ಬಹಳ ಜನ ಒಳಗೊಳಗೇ ಯೋಚಿಸ್ತಾರೆ, ಕೇಳಲ್ಲ, ಅದಕ್ಕೆ ಹೇಳ್ತೀನಿ. ಅಲ್ಲಿ ಎಲ್ಲ ವಯಸ್ಸಿನ ಹೆಂಗಸರು ಬಿಕಿನಿ ಹಾಕ್ತಾರೆ, ಕೆಲವರು ಮೇಲುಬಟ್ಟೆ ಇಲ್ಲದೇನೂ ಬಿಸಿಲು ಕಾಯಿಸ್ತಾರೆ, ಯಾರೂ ಯಾರನ್ನೂ ದಿಟ್ಟಿಸಿ ನೋಡಲ್ಲ. ನೀವೂ ನೋಡಬೇಡಿ, ಮೊಬೈಲ್ ಕ್ಯಾಮೆರಾ ಜನರ ಕಡೆ ತಿರುಗಿಸಬೇಡಿ, ಜೊತೆಗಿರೋ ಗಂಡಸರಿಗೂ ಮುಂಚೆಯೇ ಹೇಳಿ. ಅದೇ ರೀತಿ ನೀವು ಲೆಗ್ಗಿಂಗ್ಸ್ ಟೀಶರ್ಟ್‌ನಲ್ಲಿ ಇಳಿದ್ರೂ ಯಾರೂ ತಿರುಗಿ ನೋಡಲ್ಲ. ಅತ್ತೆ ಸೀರೆ ಮೊಣಕಾಲ ತನಕ ಎತ್ತಿ ಕಟ್ಕೊಂಡು ದಿನಾ ಒಂದು ಗಂಟೆ ನೀರಲ್ಲಿ ನಿಂತಿರ್ತಿದ್ರು, ಪಕ್ಕದಲ್ಲಿ ಅವರದೇ ವಯಸ್ಸಿನ ಒಬ್ಬ ಹೆಂಗಸು ಈಜುಡುಗೆಯಲ್ಲಿ ಹಾಗೇ ನಿಂತಿರ್ತಿದ್ರು, ಭಾಷೆ ಇಲ್ಲದೇ ಇಬ್ಬರೂ ನಾಲ್ಕು ದಿನ ನಕ್ಕೊಂಡೇ ಮಾತಾಡಿದ್ರು. ಹತ್ತಿ ಸೀರೆ ಒದ್ದೆಯಾದ್ರೆ ಭಾರ, ಬೇಗ ಒಣಗೋ ಸಿಂಥೆಟಿಕ್ ಒಂದು ಇಟ್ಕೊಳ್ಳಿ.

ಕಳ್ಳತನ ಮಾತ್ರ ನಿಜವಾದ ಸಮಸ್ಯೆ. ಎಲ್ಲರೂ ಒಟ್ಟಿಗೆ ನೀರಿಗೆ ಇಳೀಬೇಡಿ. ಪಾಸ್‌ಪೋರ್ಟ್ ರೂಮಲ್ಲೇ ಇರಲಿ, ಜೆರಾಕ್ಸ್ ಸಾಕು. ನಮ್ಮದೊಂದು ಬ್ಯಾಗು ಎರಡು ನಿಮಿಷ ಬೆನ್ನು ತಿರುಗಿಸಿದಾಗ ಹೋಯ್ತು, ಒಳಗೆ ಟವೆಲ್, ಸನ್‌ಸ್ಕ್ರೀನ್ ಮಾತ್ರ ಇತ್ತು ಅಂತ ಬಚಾವ್.

ಹಂತ 10: ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಪಾಯೆಯಾ ಅನ್ನೋ ಅಗಲ ಬಾಣಲೆಯ ಅನ್ನದ ಅಡುಗೆ ಹುಟ್ಟಿದ ಊರಿದು. ಅಸಲಿ ವ್ಯಾಲೆನ್ಸಿಯನ್ ಪಾಯೆಯಾದಲ್ಲಿ ಕೋಳಿ, ಮೊಲ, ಚಪ್ಪಟೆ ಹುರುಳಿಕಾಯಿ, ಗರೋಫೊ ಅನ್ನೋ ದೊಡ್ಡ ಬಿಳಿ ಕಾಳು ಇರತ್ತೆ, ನಮ್ಮ ಡಬಲ್ ಬೀನ್ಸ್ ಜಾತಿಯದ್ದೇ. ಅದು ಮಧ್ಯಾಹ್ನದ ಊಟ, ರಾತ್ರಿ ಪಾಯೆಯಾ ಅಂತ ಬೋರ್ಡ್ ಹಾಕಿರೋ ಟೂರಿಸ್ಟ್ ಹೋಟೆಲ್ ಬಿಟ್ಟುಬಿಡಿ. ಕನಿಷ್ಠ ಇಬ್ಬರಿಗೆ ಮಾಡ್ತಾರೆ, ಅರ್ಧ ಗಂಟೆ ಮೇಲೆ ಹಿಡಿಯತ್ತೆ. ತಳದಲ್ಲಿ ಹತ್ತಿಕೊಂಡ ಗರಿಗರಿ ಅನ್ನಕ್ಕೆ ಸೊಕರ್ರಾತ್ ಅಂತಾರೆ, ಅದಕ್ಕಾಗಿ ಅಲ್ಲಿ ಮನೆಗಳಲ್ಲಿ ಜಗಳ ಆಗತ್ತಂತೆ, ತಳ ಹಿಡಿದ ಅನ್ನಕ್ಕೆ ತುಪ್ಪ ಹಾಕಿ ಕೆರೆದು ತಿಂದು ಬೆಳೆದ ನಮಗೆ ಅದನ್ನ ಹೇಳಿಕೊಡಬೇಕಿಲ್ಲ.

ತರಕಾರಿ ಪಾಯೆಯಾ ಅಂದ್ರೆ ಪಾಯೆಯಾ ದೆ ವೆರ್ದುರಾಸ್. ಆದ್ರೆ ಬೇಯಿಸಿದ ನೀರು ಮಾಂಸದ್ದೋ ಮೀನಿಂದೋ ಆಗಿರಬಹುದು, ಅದನ್ನ ಕೇಳಲೇಬೇಕು. ಈ ಸಾಲು ಬಾಯಿಪಾಠ ಮಾಡಿ: ಸೊಯ್ ವೆಹೆತಾರಿಯಾನಾ, ಗಂಡಸರಾದ್ರೆ ವೆಹೆತಾರಿಯಾನೊ, ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಹಾಮೋನ್, ಸಿನ್ ಕಾಲ್ದೊ ದೆ ಕಾರ್ನೆ. ಅಂದ್ರೆ ಮಾಂಸ, ಕೋಳಿ, ಮೀನು, ಹಂದಿಯ ಹ್ಯಾಮ್, ಮಾಂಸದ ಸಾರು ಯಾವುದೂ ಬೇಡ ಅಂತ. ಒಂದೊಂದೂ ಬೇರೆ ಬೇರೆ ಹೇಳ್ಬೇಕು, ಬರೀ ಮಾಂಸ ಬೇಡ ಅಂದ್ರೆ ಮೀನು ಬರತ್ತೆ. ಮೊದಲ ದಿನ ಒಂದು ಅಂಗಡಿಯಲ್ಲಿ ವೆಹೆತಾಲ್ ಅನ್ನೋ ಹೆಸರಿನ ಸ್ಯಾಂಡ್‌ವಿಚ್ ತಗೊಂಡ್ವಿ, ಹೆಸರಲ್ಲೇ ತರಕಾರಿ ಅಂತಿದೆಯಲ್ಲ ಅಂತ, ಒಳಗೆ ಟ್ಯೂನಾ ಮೀನು, ಮೊಟ್ಟೆ. ಅಲ್ಲಿ ಅದು ಮಾಮೂಲಿ, ಅವರ ತಪ್ಪಲ್ಲ, ಆದ್ರೆ ಅತ್ತೆ ಅವತ್ತು ರಾತ್ರಿ ತನಕ ಏನೂ ತಿನ್ನಲಿಲ್ಲ, ನನಗೆ ಈಗಲೂ ಅದು ನೆನೆಸ್ಕೊಂಡ್ರೆ ಬೇಜಾರು. ಎನ್ಸಲಾದಾ ಮಿಕ್ಸ್ತಾ ಅನ್ನೋ ಸಲಾಡ್ ಮೇಲೂ ಟ್ಯೂನಾ ಹಾಕ್ತಾರೆ, ಎಸ್ಗರ್ರಾಯೆತ್ ಅನ್ನೋ ಸುಟ್ಟ ಕೆಂಪು ಮೆಣಸಿನಕಾಯಿ ತಿಂಡಿಯಲ್ಲಿ ಉಪ್ಪು ಹಾಕಿದ ಮೀನಿರತ್ತೆ, ಬೇಳೆ ಸೂಪಲ್ಲಿ ಸಾಸೇಜ್ ಇರತ್ತೆ.

ಧೈರ್ಯವಾಗಿ ತಿನ್ನಬಹುದಾದ್ದು: ಟೊಮಾಟೊ ಉಜ್ಜಿದ ಬ್ರೆಡ್ಡು, ಪದ್ರೋನ್ ಹಸಿಮೆಣಸಿನಕಾಯಿ ಹುರಿದದ್ದು, ಸುಟ್ಟ ಬದನೆ ಕ್ಯಾಪ್ಸಿಕಂ ಎಸ್ಕಲಿವಾದಾ. ಮೊಟ್ಟೆ ತಿನ್ನೋರಿಗೆ ತೊರ್ತಿಯಾ ಅನ್ನೋ ಆಲೂಗೆಡ್ಡೆ ಆಮ್ಲೆಟ್ ಎಲ್ಲ ಕಡೆ ಸಿಗತ್ತೆ. ಸೂಪರ್‌ಮಾರ್ಕೆಟ್‌ನಲ್ಲಿ ಸಪ್ಪೆ ಮೊಸರು, ಅಕ್ಕಿ, ಡಬ್ಬಿ ಕಡ್ಲೆಕಾಳು ಎಲ್ಲ ಇರತ್ತೆ, ನಾವು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದಿದ್ವಿ, ರಾತ್ರಿ ಮನೇಲೇ ಅನ್ನ ಮಾಡಿ ಮೊಸರನ್ನ. ಅತ್ತೆ ಆರೋಗ್ಯವಾಗಿ ತಿರುಗಾಡಿದ್ದು ಅದರಿಂದಲೇ.

ಓರ್ಚಾತಾ ಮಾತ್ರ ಬಿಡಬೇಡಿ. ಚೂಫಾ ಅನ್ನೋ ಸಣ್ಣ ಗಡ್ಡೆಯನ್ನ ನೆನೆಸಿ ರುಬ್ಬಿ ಹಿಂಡಿ ತೆಗೆದ ಹಾಲು, ಸಕ್ಕರೆ ಹಾಕಿ ತಣ್ಣಗೆ ಕೊಡ್ತಾರೆ, ದನದ ಹಾಲು ಇಲ್ಲವೇ ಇಲ್ಲ. ಈ ಚೂಫಾ ನಮ್ಮ ಗದ್ದೆಯಲ್ಲಿ ಕಳೆ ಅಂತ ಕಿತ್ತೆಸೆಯೋ ಜೇಕಿನ ಜಾತಿಯದ್ದೇ. ಪಟಕೋನಾ ಬೀಚಿನ ಹಿಂದಿರೋ ಅಲ್ಬೊರಾಯಾ ಊರೇ ಅದರ ತವರು, ಮೆಟ್ರೋದಲ್ಲಿ ಹೋಗಿ ಅಲ್ಲೇ ಕುಡೀರಿ. ಜೊತೆಗೆ ಅದ್ಕೊಂಡು ತಿನ್ನೋಕೆ ಫಾರ್ತೋನ್ಸ್ ಅನ್ನೋ ಉದ್ದದ ಸಿಹಿ ಬನ್ನು ಕೊಡ್ತಾರೆ, ಅದರಲ್ಲಿ ಮೊಟ್ಟೆ ಇರಬಹುದು, ಕೇಳಿ.

ಹಂತ 11: ಅಲ್ಬುಫೆರಾ, ಒಂದು ಸಂಜೆ ಪೂರ್ತಿ

ಸೂರ್ಯಾಸ್ತಕ್ಕೆ ಇಲ್ಲಿಗೆ ಬನ್ನಿ. ಊರಿಂದ ಹತ್ತು ಕಿಲೋಮೀಟರ್ ದಕ್ಷಿಣಕ್ಕೆ ದೊಡ್ಡ ಸಿಹಿನೀರಿನ ಸರೋವರ, ಸಮುದ್ರಕ್ಕೂ ಇದಕ್ಕೂ ಮಧ್ಯೆ ಮರಳಿನ ಪಟ್ಟಿ, ಅದರ ಮೇಲೆ ಪೈನ್ ಕಾಡು, ಇನ್ನೊಂದು ಕಡೆ ಕಣ್ಣು ಹಾಯೋವರೆಗೂ ಭತ್ತದ ಗದ್ದೆ. 24, 25ನೇ ನಂಬರ್ ಬಸ್ ಆ ಕಡೆ ಹೋಗತ್ತೆ, 24 ಎಲ್ ಪಾಲ್ಮಾರ್ ಹಳ್ಳಿ ತನಕ. ಹತ್ತುವಾಗಲೇ ಡ್ರೈವರ್ ಹತ್ರ ವಾಪಸ್ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕೇಳ್ಕೊಳ್ಳಿ. ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ದೋಣಿ ಹತ್ತಬೇಕು, ಮರದ ಚಪ್ಪಟೆ ದೋಣಿ, ತಲೆಗೆ ಕೆಲವೇ ಯೂರೋ. ನೀರು ಸರಾಸರಿ ಒಂದು ಮೀಟರ್ ಆಳ ಅಷ್ಟೇ.

ಮೇ ತಿಂಗಳಲ್ಲಿ ಬಿತ್ತಿದ ಭತ್ತ ಜೂನ್‌ಗೆ ಹಸಿರಾಗಿ ನಿಂತಿರತ್ತೆ. ಬದುವಿನ ಮೇಲೆ ಬೆಳ್ಳಕ್ಕಿ, ಗಾಳಿಗೆ ಪೈರು ಬಾಗೋದು, ನೀರಿನ ವಾಸನೆ. ಎಂಟು ಸಾವಿರ ಕಿಲೋಮೀಟರ್ ದಾಟಿ ಬಂದು ಮದ್ದೂರಿನ ಗದ್ದೆ ನೋಡಿದ ಹಾಗಾಯ್ತು. ಅತ್ತೆ ಕೂತಲ್ಲೇ ಪೈರಿನ ವಯಸ್ಸು ಹೇಳಿದ್ರು, ದೋಣಿಯವರಿಗೆ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರಿಸಿದೆ, ಅವರು ತಲೆ ಆಡಿಸಿ ಬೆರಳಲ್ಲಿ ವಾರ ಎಣಿಸಿ ತೋರಿಸಿದ್ರು, ಅತ್ತೆ ಹೇಳಿದ್ದಕ್ಕೆ ಒಂದೇ ವಾರ ವ್ಯತ್ಯಾಸ. ಸೊಳ್ಳೆ ಇದೆ, ಓಡೊಮಾಸ್ ಒಯ್ಯಿರಿ.

ಜೂನ್ 23ಕ್ಕೆ ಊರಲ್ಲಿದ್ರೆ

ಸಾನ್ ಹುವಾನ್ ರಾತ್ರಿ. ವರ್ಷದಲ್ಲಿ ಆ ಒಂದು ರಾತ್ರಿ ಬೀಚಲ್ಲಿ ಬೆಂಕಿ ಹಾಕೋಕೆ ಬಿಡ್ತಾರೆ. ಜನ ಮನೆಯಿಂದ ಊಟ ಕಟ್ಕೊಂಡು ಬರ್ತಾರೆ, ಬೆಂಕಿ ಹಾರ್ತಾರೆ, ಹನ್ನೆರಡು ಹೊಡೆದ ತಕ್ಷಣ ಸಮುದ್ರಕ್ಕೆ ಹೋಗಿ ಅಲೆ ಹಾರ್ತಾರೆ, ಏಳು ಅಲೆ ಹಾರಿದ್ರೆ ವರ್ಷ ಒಳ್ಳೇದಾಗತ್ತೆ ಅಂತ. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸೋ ಊರಿನವರಿಗೆ ಆ ಬೆಂಕಿಯ ಸಾಲು ನೋಡಿ ಮೈ ಜುಂ ಅನ್ನತ್ತೆ. ಸಂಜೆ ಏಳಕ್ಕೇ ಹೋಗಿ ಜಾಗ ಹಿಡೀರಿ, ಮಗುವನ್ನ ಬೆಂಕಿಯಿಂದ ದೂರ ಕೂರಿಸಿ, ಚಪ್ಪಲಿ ಬಿಚ್ಚಬೇಡಿ, ಮರಳಲ್ಲಿ ಕೆಂಡ ಹುದುಗಿರತ್ತೆ. ಕತ್ತಲಲ್ಲಿ ಮಂಡಿ ತನಕ ನೀರು ಸಾಕು.

ಕೊನೇ ದಿನ

ಫ್ಲೈಟ್ ಸಂಜೆ ಇದ್ರೆ ಲಗೇಜ್ ಇಡೋಕೆ ರೂಮಿನವರನ್ನ ಮುಂಚೆಯೇ ಕೇಳಿ. ಕಿತ್ತಳೆ ಹಣ್ಣಿನ ಚಿತ್ತಾರ ಇರೋ 1917ರ ನಾರ್ಥ್ ಸ್ಟೇಷನ್ ಒಳಗೆ ಹತ್ತು ನಿಮಿಷ ನಿಂತು ಟಿಕೆಟ್ ಕೌಂಟರ್‌ಗಳ ಹಳೇ ಮರಗೆಲಸ ನೋಡಿ. ಊರಿಗೆ ಒಯ್ಯೋಕೆ ಕೇಸರಿ, ಒಣಗಿಸಿದ ಚೂಫಾ, ಒಂದು ಸಣ್ಣ ಪಾಯೆಯಾ ಬಾಣಲೆ, ಎಲ್ಲ ದೊಡ್ಡ ಮಾರ್ಕೆಟ್ ಮತ್ತು ಅದರ ಸುತ್ತಲಿನ ಅಂಗಡಿಯಲ್ಲೇ ಸಿಗತ್ತೆ, ಮಧ್ಯಾಹ್ನ ಮೂರಕ್ಕೆ ಮುಚ್ಚತ್ತೆ ಅನ್ನೋದು ಮರೀಬೇಡಿ. ಬಾಣಲೆ ಚೆಕ್-ಇನ್ ಬ್ಯಾಗಿನ ತಳಕ್ಕೆ ಮಲಗಿಸಿ, ಅದರೊಳಗೆ ಬಟ್ಟೆ ತುಂಬಿದ್ರೆ ಜಾಗ ಹಾಳಾಗಲ್ಲ. ತಂದ ಮೇಲೆ ತೊಳೆದು ಒರೆಸಿ ಎಣ್ಣೆ ಸವರಿ ಇಡಬೇಕು, ಮಾಮೂಲಿ ಸ್ಟೀಲಿನದಾದ್ರೆ ಒಂದೇ ರಾತ್ರಿಗೆ ತುಕ್ಕು ಹಿಡಿಯತ್ತೆ.